ಉಲ್ಟಾ ಮಾಲಿಂಗಪ್ಪ

ಗಣಪತಿಯನ್ನು ನೀರಿಗೆ ಬಿಟ್ಟು ನಾಲ್ಕೈದು ದಿನ ಕಳೆಯುವಷ್ಟರಲ್ಲಿ ಗೋಕಾಕದ ಮಾಲಿಂಗಪ್ಪನ ಅಂಗಡಿಗೆ ಹುಕ್ಕೇರಿಯಿಂದ ಒಂದು ಕಾರ್ಡು ಬರುತ್ತಿತ್ತು. ಹದಿನಾರು ವರ್ಷಗಳಲ್ಲಿ ಒಮ್ಮೆಯೂ ತಪ್ಪಿರಲಿಲ್ಲ. ದುಂಡಗಿನ ಅಕ್ಷರ, ಎರಡೇ ಸಾಲು: ‘ತಿಳಿದೋ ತಿಳಿಯದೆಯೋ ನನ್ನಿಂದ ಆದ ತಪ್ಪುಗಳನ್ನು ಮನ್ನಿಸಬೇಕು. ನಿಮ್ಮವ, ನೇಮಣ್ಣ.’ ಮಾಲಿಂಗಪ್ಪ ಅದನ್ನು ಓದಿ, ಎದುರಿಗೆ ಕೂತ ಗಿರಾಕಿಗೂ ಓದಿ ಹೇಳಿ, ಮೊಳೆಗೆ ತೂಗುಬಿದ್ದ ತಂತಿಗೆ ಚುಚ್ಚುತ್ತಿದ್ದ.

“ನೋಡ್ರಿ, ಇನ್ನೂ ಕೇಳಾಕತ್ತಾನ,” ಎನ್ನುತ್ತಿದ್ದ. “ತಪ್ಪು ಮಾಡಿದ ಖರೆ, ಆದ್ರ ಒಪ್ಪಕೊಳ್ಳೋ ಗುಣ ಐತಿ.”

ಬಸ್‌ ಸ್ಟ್ಯಾಂಡಿನ ಹಿಂದಿನ ಗ್ಯಾರೇಜುಗಳ ಸಾಲಿನಲ್ಲಿ ಮಾಲಿಂಗಪ್ಪನದು ವೈರಿಂಗ್ ಕೆಲಸ. ಲಾರಿ, ಟ್ರ್ಯಾಕ್ಟರು, ಟೆಂಪೊ, ಯಾವುದರ ದೀಪ ಆರಿದರೂ ಹಾರ್ನು ಮೂಕವಾದರೂ ಜನ ಅವನ ಹತ್ತಿರವೇ ಬರುತ್ತಿದ್ದರು. ಆ ಕೆಲಸವನ್ನು ಅವನಿಗೆ ಕಲಿಸಿದವನು ನೇಮಣ್ಣ. ನಾಲ್ಕು ವರ್ಷ ಅವನ ಕೈಕೆಳಗೆ ದುಡಿದ ಮಾಲಿಂಗಪ್ಪ, ಆಮೇಲೆ ಅದೇ ಸಾಲಿನಲ್ಲಿ ಆರು ಅಂಗಡಿ ಆಚೆಗೆ ತನ್ನದನ್ನು ತೆರೆದಿದ್ದ. ತೆರೆದ ಮೊದಲ ವರ್ಷ ನೊಣ ಹೊಡೆಯುವುದೇ ಕೆಲಸವಾಗಿತ್ತು. ಗುರು ಇರುವಾಗ ಶಿಷ್ಯನ ಹತ್ತಿರ ಯಾರು ಬರುತ್ತಾರೆ?

ಮಾಲಿಂಗಪ್ಪನ ಹೆಸರು ಎದ್ದದ್ದು ಎಂಬತ್ತೆರಡನೆಯ ಇಸವಿಯ ಒಂದು ಸೋಮವಾರ. ಮೂಡಲಗಿಯ ಪರಪ್ಪಗೌಡರ ಹತ್ತಿರ ಒಂದು ವಿಲಾಯತಿ ಜೀಪು ಇತ್ತು. ಹಿಡಕಲ್ ಡ್ಯಾಮ್ ಕಟ್ಟುವಾಗ ಯಾರೋ ದೊಡ್ಡ ಗುತ್ತಿಗೆದಾರ ತರಿಸಿದ್ದಂತೆ. ಕೆಲಸ ಮುಗಿದ ಮೇಲೆ ಗೌಡರು ಕೊಂಡುಕೊಂಡಿದ್ದರು. ಕಬ್ಬಿನ ಗದ್ದೆಯ ಮೊಳಕಾಲುದ್ದ ಕೆಸರಿನಲ್ಲೂ ಅದು ಎಮ್ಮೆಯ ಹಾಗೆ ನಿಧಾನವಾಗಿ, ನಿಲ್ಲದೆ ದಾಟುತ್ತಿತ್ತು. ಅದರ ವೈರಿಂಗ್ ಪೂರ್ತಿ ನೇಮಣ್ಣನದು. ಆ ಸೋಮವಾರ ಅದು ಅಪ್ಪಣ್ಣನ ಚಾದ ಅಂಗಡಿಯ ಮುಂದೆ ನಿಂತುಬಿಟ್ಟಿತು. ನೇಮಣ್ಣ ಯಾರದೋ ಮದುವೆಗೆಂದು ಸಂಕೇಶ್ವರಕ್ಕೆ ಹೋಗಿದ್ದ. ಗೌಡರು ಮಾಲಿಂಗಪ್ಪನನ್ನು ಕರೆದರು.

ಬಾನೆಟ್ ಎತ್ತಿದವನಿಗೆ ಕಣ್ಣನ್ನೇ ನಂಬಲಾಗಲಿಲ್ಲ. ಬ್ಯಾಟರಿಯ ಎರಡು ತುದಿಗಳಲ್ಲಿ ಒಂದನ್ನು ಗಾಡಿಯ ಮೈಗೆ ಕಟ್ಟುತ್ತಾರೆ. ಅವನು ನೋಡಿದ ಪ್ರತಿಯೊಂದು ಗಾಡಿಯಲ್ಲೂ ಮೈಗೆ ಹೋಗುವುದು ಮೈನಸ್ಸು. ಇಲ್ಲಿ ಪ್ಲಸ್ಸು ಹೋಗಿತ್ತು.

“ಉಲ್ಟಾ ಕಟ್ಯಾರ್ರೀ!” ಎಂದು ಕೂಗಿದ. ಅವನಿಗಾಗ ಇಪ್ಪತ್ತೈದು ವರ್ಷ. ಧ್ವನಿ ಸಾಲಿನ ಕೊನೆಯ ಅಂಗಡಿಯವರೆಗೂ ಹೋಯಿತು. ಜನ ಸೇರಿದರು. ಅವನು ತುಕ್ಕು ಹಿಡಿದ ತುದಿಗಳನ್ನು ಬಿಚ್ಚಿ, ಕೆರೆದು ಹೊಳೆಯುವಂತೆ ಮಾಡಿ, ಅದಲುಬದಲು ಕಟ್ಟಿದ. ಕೀಲಿ ತಿರುಗಿಸಿದ ಕೂಡಲೇ ಇಂಜಿನ್ ಹತ್ತಿಕೊಂಡಿತು. ಚಪ್ಪಾಳೆ ಬಿತ್ತು.

ಎರಡು ದಿನಕ್ಕೆ ಘಟಪ್ರಭಾದ ರೇಲ್ವೆ ಗೇಟಿನ ಹತ್ತಿರ ಅದೇ ಜೀಪಿನ ಬಾನೆಟ್ಟಿನಿಂದ ಹೊಗೆ ಎದ್ದಿತು. ವೈರು ಸುಟ್ಟಿತು, ಡೈನಮೊ ಹೋಯಿತು. “ಇಷ್ಟ ದಿನಾ ಉಲ್ಟಾ ಓಡಿ ಒಳಗ ಎಲ್ಲಾ ಕೆಟ್ಟಿತ್ತ್ರಿ, ನಾ ಏನ್ ಮಾಡ್ಲಿ?” ಎಂದ ಮಾಲಿಂಗಪ್ಪ. ಅವನು ಅದನ್ನು ಮನಸಾರೆ ನಂಬಿಯೇ ಹೇಳಿದ್ದ. ನೇಮಣ್ಣ ಬಂದು, ಈ ಗಾಡಿಗೆ ಪ್ಲಸ್ಸೇ ಮೈಗೆ ಬರಬೇಕು, ಇದರ ಜಾತಿಯೇ ಹಾಗೆ ಎಂದು ಎಷ್ಟು ಹೇಳಿದರೂ ಯಾರೂ ಕೇಳಲಿಲ್ಲ.

“ಫಾಲ್ಸಿನ ನೀರ ಕೆಳಗಿಂದ ಮ್ಯಾಲ ಹರಿತೈತೇನ್ರಿ ಕಾಕಾರ?” ಎಂದ ಚಾದ ಅಪ್ಪಣ್ಣ. ಎಲ್ಲರೂ ನಕ್ಕರು. ಅಂದಿನಿಂದ ನೇಮಣ್ಣ ‘ಉಲ್ಟಾ ನೇಮಣ್ಣ’ನಾದ. ಬೆನ್ನ ಹಿಂದೆ ಶುರುವಾದದ್ದು ಮುಖದೆದುರಿಗೂ ಬಂತು. ವರ್ಷ ತುಂಬುವುದರೊಳಗೆ ಅವನು ಅಂಗಡಿ ಮುಚ್ಚಿ ಹುಕ್ಕೇರಿಗೆ ಹೋದ. ಗಿರಾಕಿಗಳು ಆರು ಅಂಗಡಿ ಆಚೆಗೆ ಸರಿದರು.

ಪರಪ್ಪಗೌಡರು ಬೇಸತ್ತು ಆ ಜೀಪನ್ನು ತೋಟದ ಶೆಡ್ಡಿಗೆ ತಳ್ಳಿದ್ದರು. ತೊಂಬತ್ತೆಂಟರ ಬೇಸಿಗೆಯಲ್ಲಿ ಅದನ್ನು ಮೋಡಕಾದವನಿಗೆ ಹಾಕುತ್ತಾರೆಂದು ಸುದ್ದಿ ಬಂದಾಗ ಮಾಲಿಂಗಪ್ಪ ಮೂಡಲಗಿಗೆ ಓಡಿದ. ಅವನನ್ನು ಮೇಲೆತ್ತಿದ ಗಾಡಿ ಗುಜರಿಗೆ ಹೋಗುವುದನ್ನು ಅವನಿಂದ ಸಹಿಸಲಾಗಲಿಲ್ಲ. ಟ್ರ್ಯಾಕ್ಟರಿಗೆ ಕಟ್ಟಿ ಎಳೆಸಿಕೊಂಡು ಮನೆಗೆ ತಂದ. ಹಿತ್ತಲಿನ ತಗಡಿನ ಕೊಟ್ಟಿಗೆಯಲ್ಲಿದ್ದ ಎಮ್ಮೆ ಬೇವಿನ ಮರದ ಕೆಳಗೆ ಹೋಯಿತು, ಜೀಪು ಒಳಗೆ ಬಂತು.

“ಎಮ್ಮಿ ಹಾಲ ಕೊಡತೈತಿ. ಇದ ಏನ್ ಕೊಡತೈತ್ರಿ?” ಎಂದಳು ಹೆಂಡತಿ ಲಕ್ಕವ್ವ.

“ಎಣ್ಣಿ ಕೊಡತೈತಿ. ಕೆಳಗ ಬುಟ್ಟಿ ಇಡು.”

ನಾಲ್ಕು ತಿಂಗಳು ಅವನ ಭಾನುವಾರಗಳು, ಬೆಳಗಿನ ಮೊದಲ ಎರಡು ತಾಸುಗಳು ಆ ಕೊಟ್ಟಿಗೆಯಲ್ಲಿ ಕಳೆದವು. ಇಲಿ ಕಡಿದ ವೈರುಗಳನ್ನು ಒಂದೊಂದಾಗಿ ಬಿಚ್ಚಿ ತೆಗೆದ. ಸುಡದೆ ಉಳಿದ ಕಡೆಗಳಲ್ಲಿ ಮೇಣ ಹಚ್ಚಿದ ನೂಲಿನ ಕಟ್ಟುಗಳು ಇನ್ನೂ ಬಿಗಿಯಾಗಿದ್ದವು, ನಾಲ್ಕು ಬೆರಳಿಗೊಂದು ಗಂಟು. ಅದು ನೇಮಣ್ಣನ ರೀತಿ. ಈಗ ಎಲ್ಲರೂ ಸುತ್ತುವುದು ಟೇಪು. ಮಾಲಿಂಗಪ್ಪ ಆ ಗಂಟುಗಳನ್ನು ಕತ್ತರಿಸುವಾಗ ಕೈ ಒಂದಿಷ್ಟು ತಡೆಯುತ್ತಿತ್ತು. ಕೆಲಸಗಾರ ಒಳ್ಳೆಯವನೇ ಇದ್ದ, ಒಂದು ವಿಷಯದಲ್ಲಿ ಎಡವಿದ ಅಷ್ಟೇ, ಎಂದುಕೊಳ್ಳುತ್ತಿದ್ದ.

ಶ್ರಾವಣದ ಹೊತ್ತಿಗೆ ಹೊಸ ವೈರಿಂಗ್ ಮುಗಿಯಿತು, ಸುಟ್ಟಿದ್ದ ಡೈನಮೊದ ತಂತಿಯನ್ನೂ ಹೊಸದಾಗಿ ಸುತ್ತಿಸಿ ಕೂಡಿಸಿದ. ಮೈನಸ್ಸನ್ನು ಮೈಗೆ ಕಟ್ಟಿದ. ದೀಪ ಹತ್ತಿದವು, ಹಾರ್ನು ಕೂಗಿತು, ಇಂಜಿನ್ ತಿರುಗಿತು. ಆದರೆ ಡೈನಮೊದಿಂದ ಬ್ಯಾಟರಿಗೆ ಕರೆಂಟು ಬಿಡುವ ಕಟೌಟಿನ ಡಬ್ಬಿ ನೋಡುನೋಡುತ್ತಲೇ ಸುಟ್ಟಿತು. ಹೊಸದನ್ನು ಹಾಕಿದ, ಅದೂ ಸುಟ್ಟಿತು. ಡೈನಮೊ ಬಿಚ್ಚಿ ತಂತಿಯನ್ನು ಮತ್ತೆ ಸುತ್ತಿಸಿದ. ಮೂರನೆಯ ಡಬ್ಬಿಯಿಂದಲೂ ಅದೇ ವಾಸನೆ. ದೀಪ, ಹಾರ್ನುಗಳಿಗೆ ಕರೆಂಟು ಎತ್ತಲಿಂದ ಬಂದರೂ ನಡೆಯುತ್ತದೆ. ಡೈನಮೊಗೆ ಮಾತ್ರ ತನ್ನ ದಿಕ್ಕು ನೆನಪಿರುತ್ತದೆ.

ಒಂದು ಭಾನುವಾರ ಅವನು ಇಂಜಿನ್ನಿನ ಹಿಂದಿನ ತಗಡನ್ನು ಸೀಮೆಎಣ್ಣೆ ಹಾಕಿ ಉಜ್ಜತೊಡಗಿದ. ಎರಡು ದಶಕದ ಎಣ್ಣೆ, ಮಣ್ಣು, ಕಬ್ಬಿನ ರವದಿಯ ಧೂಳು ಪದರ ಪದರವಾಗಿ ಎದ್ದು ಬಂತು. ಕೆಳಗೆ ಒಂದು ಸಣ್ಣ ಪಟ್ಟಿ. ಅದರ ಮೇಲೆ ಇಂಗ್ಲಿಷಿನ ಉಬ್ಬಕ್ಷರಗಳಲ್ಲಿ ಎರಡು ಪದ. ಅವನು ಕೂಡಿಸಿ ಕೂಡಿಸಿ ಓದಿದ. ಪಾಸಿಟಿವ್ ಅರ್ಥ್. ಪ್ಲಸ್ಸು ಮೈಗೆ.

ಚಿಂದಿಯನ್ನು ಮತ್ತೆ ಸೀಮೆಎಣ್ಣೆಯಲ್ಲಿ ಅದ್ದಿ, ಬ್ಯಾಟರಿಯ ಕೇಬಲ್ಲು ಮೈಗೆ ಸೇರುವ ಬೋಲ್ಟಿನ ಸುತ್ತ ಉಜ್ಜಿದ. ಅಲ್ಲಿ ಉಳಿಯಿಂದ ಹೊಡೆದ ಎರಡು ಗೆರೆಗಳಿದ್ದವು, ಒಂದನ್ನೊಂದು ದಾಟಿದ್ದವು. ಪ್ಲಸ್ಸಿನ ಗುರುತು. ಅದು ವಿಲಾಯತಿಯದಲ್ಲ. ಆ ಉಳಿಯ ಏಟು ಯಾರದೆಂದು ಅವನಿಗೆ ಗೊತ್ತಿತ್ತು.

ಮೇವು ತಂದ ಲಕ್ಕವ್ವ ಅವನನ್ನು ನೋಡಿ ನಿಂತಳು. “ಏನಾತ್ರಿ? ಕರೆಂಟ್ ಹೊಡೀತೇನು?”

“ಬ್ಯಾಟರಿ ಕರೆಂಟ್ ಹೊಡಿಯೂದಿಲ್ಲ.”

“ಮತ್ತ ಮಾರಿ ಯಾಕ ಹಂಗಾಗೈತಿ?”

ಅವನು ಹೇಳಿದ. ಅವತ್ತು ಗಾಡಿ ಹತ್ತಿದ್ದು ತಾನು ಅದಲುಬದಲು ಮಾಡಿದ್ದಕ್ಕಲ್ಲ, ತುಕ್ಕು ಕೆರೆದದ್ದಕ್ಕೆ. ಸುಟ್ಟಿದ್ದು ಮಾತ್ರ ತಾನು ಅದಲುಬದಲು ಮಾಡಿದ್ದಕ್ಕೆ. ಹೇಳುತ್ತ ಹೇಳುತ್ತ ಒಂದು ಎಳೆ ಸಿಕ್ಕಿತು ಅನ್ನಿಸಿತು. “ಆದ್ರ ಅವನೂ ಒಪ್ಪಕೊಂಡಾನಲ್ಲ? ವರ್ಷಾ ವರ್ಷಾ ಕಾರ್ಡ್ ಬರೀತಾನ. ತಪ್ಪಿಲ್ಲದಾಂವ ಯಾಕ ಬರೀತಾನ?”

“ಬಾಜೂಮನಿ ಕಮಲಾಬಾಯಿನೂ ಗಣಪತಿ ಕಳಿಸಿದ ಮ್ಯಾಲ ನನ್ನ ಕೈ ಹಿಡದ ಮನ್ನಿಸು ಅಂತಾಳ,” ಎಂದಳು ಲಕ್ಕವ್ವ. “ಆಕಿ ಏನ್ ನಮ್ಮ ಎಮ್ಮಿ ಕದ್ದಾಳೇನು? ಅದ ಜೈನರ ಹಬ್ಬರೀ. ಕಂಡವರಿಗೆಲ್ಲಾ ಕೇಳತಾರ. ಇಷ್ಟ ವರ್ಷ ಗೋಕಾಕದಾಗ ಇದ್ದ ನಿಮಗ ಗೊತ್ತಿಲ್ಲೇನು?”

ಅವನಿಗೆ ಗೊತ್ತಿರಲಿಲ್ಲವೆಂದೇನಲ್ಲ. ಗೊತ್ತಿಲ್ಲದವನ ಹಾಗೆ ಇರುವುದು ಅನುಕೂಲವಾಗಿತ್ತು.

ಆಮೇಲಿನ ದಿನಗಳಲ್ಲಿ ಅವನು ಕೊಟ್ಟಿಗೆಗೆ ಹೋಗಿ ಸುಮ್ಮನೆ ಕೂತು ಬರುತ್ತಿದ್ದ. ಒಂದು ಉಪಾಯ ಕಣ್ಣೆದುರಿಗೇ ಇತ್ತು. ಬ್ಯಾಟರಿಯಿಂದ ಒಂದು ತುಂಡು ವೈರನ್ನು ಡೈನಮೊಗೆ ಕ್ಷಣಮಾತ್ರ ಮುಟ್ಟಿಸಿದರೆ ಅದು ತನ್ನ ದಿಕ್ಕನ್ನು ಮರೆಯುತ್ತದೆ, ಹೊಸ ದಿಕ್ಕನ್ನು ಕಲಿಯುತ್ತದೆ. ಮೈನಸ್ಸು ಮೈಯಲ್ಲೇ ಉಳಿಯುತ್ತದೆ, ಡಬ್ಬಿ ಸುಡುವುದಿಲ್ಲ. ಪಟ್ಟಿಯನ್ನು ಕಿತ್ತು, ಉಳಿಯ ಗುರುತಿನ ಮೇಲೆ ಬಣ್ಣ ಬಳಿದರೆ ಮುಗಿಯಿತು. ಗಾಡಿಯೂ ಅವನ ಪರವಾಗಿ ಸಾಕ್ಷಿ ಹೇಳುತ್ತದೆ. ಹೇಳದಿದ್ದರೆ ಉಳಿಯುವುದಾದರೂ ಏನು? ನೇಮಣ್ಣನ ತಪ್ಪು ಹಿಡಿದವನು ಎಂಬ ಹೆಸರಿನ ಮೇಲೆ ಅಂಗಡಿ ನಿಂತಿತ್ತು, ಅದರ ಮೇಲೆ ಈ ಮನೆ. ಒಂದು ಸಲ ವೈರನ್ನು ಕೈಯಲ್ಲಿ ಹಿಡಿದು ಡೈನಮೊದ ಹತ್ತಿರದವರೆಗೂ ಒಯ್ದ. ಗೋಣು ಬಗ್ಗಿಸಿದಾಗ ಆ ಎರಡು ಗೆರೆ ಕಂಡವು. ವೈರನ್ನು ಕೆಳಗಿಟ್ಟ.

ಹದಿನೇಳನೆಯ ಕಾರ್ಡು ಬಂತು. ಅಕ್ಷರಗಳು ಈ ಸಲ ಸಾಲು ಬಿಟ್ಟು ಕೆಳಗಿಳಿದಿದ್ದವು. ಅವನು ಅದನ್ನು ತಂತಿಗೆ ಚುಚ್ಚಲಿಲ್ಲ. ಅಂಗಿಯ ಜೇಬಿನಲ್ಲಿಟ್ಟುಕೊಂಡು ಮನೆಗೆ ಬಂದು, ತಾನು ಕಟ್ಟಿದ್ದನ್ನು ಬಿಚ್ಚಿದ. ಪ್ಲಸ್ಸನ್ನು ಮೈಗೆ ಕೊಟ್ಟ, ಕಟೌಟಿಗೆ ಹೊಸ ಡಬ್ಬಿ ಕೂಡಿಸಿದ. ಲಕ್ಕವ್ವನಿಂದ ದಪ್ಪ ನೂಲು ಕೇಳಿ, ಮೇಣ ಹಚ್ಚಿ, ನಾಲ್ಕು ಬೆರಳಿಗೊಂದು ಗಂಟು ಹಾಕುತ್ತ ಹೋದ. ಇಂಜಿನ್ ಹತ್ತಿಸಿದಾಗ ಮೀಟರಿನ ಮುಳ್ಳು ನಡುಗಿ, ಚಾರ್ಜಿನ ಕಡೆಗೆ ವಾಲಿ ನಿಂತಿತು.

ಮರುದಿನ ಬೆಳಿಗ್ಗೆ ಹತ್ತರ ಹೊತ್ತಿಗೆ ಜೀಪು ಹುಕ್ಕೇರಿಯ ಬಸದಿಯ ಓಣಿಯಲ್ಲಿ ನಿಂತಿತು. ನೇಮಣ್ಣನ ಸೊಸೆ ಶುಭಾಂಗಿ ಬಾಗಿಲಿಗೆ ಬಂದು “ಬರ್ರಿ” ಎನ್ನುವ ಮೊದಲೇ ಒಳಗಿನಿಂದ ಧ್ವನಿ ಬಂತು.

“ಆ ಗಾಡಿ ಯಾರ ತಂದಾರವ್ವಾ?”

ನೇಮಣ್ಣ ಕಟ್ಟೆಗೆ ಬಂದ. ಎಪ್ಪತ್ತಾರು ವರ್ಷ, ಎರಡೂ ಕಣ್ಣಿಗೆ ಪೊರೆ. ಬಿಚ್ಚಿದ ಟೇಬಲ್ ಫ್ಯಾನಿನ ಬಲೆ ಇನ್ನೂ ಕೈಯಲ್ಲೇ ಇತ್ತು.

“ನಾನ್ರಿ ಕಾಕಾರ, ಮಾಲಿಂಗ.”

ಮುದುಕ ಬಲೆಯನ್ನು ಸೊಸೆಯ ಕೈಗೆ ಕೊಟ್ಟು, ಮೆಟ್ಟಿಲಿಳಿದು, ಗಾಡಿಯ ಮೈ ಸವರುತ್ತ ಮುಂದಕ್ಕೆ ಬಂದ. ಮಾಲಿಂಗಪ್ಪ ಬಾನೆಟ್ ಎತ್ತಿದ. ನೇಮಣ್ಣನ ಬೆರಳುಗಳು ಬ್ಯಾಟರಿಯಿಂದ ಹೊರಟು ಕೇಬಲ್ಲಿನ ಗುಂಟ ನಡೆದು ಬೋಲ್ಟಿಗೆ ಬಂದು ನಿಂತವು. ಅಲ್ಲಿಂದ ನೂಲಿನ ಗಂಟುಗಳಿಗೆ ಹೋದವು. ಒಂದು, ಎರಡು, ಮೂರು.

“ಬೋಲ್ಟಿನ ಬಾಜೂ ನೋಡಿದೇನು?”

“ನೋಡಿದ್ನಿರಿ. ನಿಮ್ಮ ಉಳಿ ಗುರುತು.”

“ನಾ ಊರಾಗ ಇಲ್ಲದಾಗ ಯಾರರೆ ಉಲ್ಟಾ ಮಾಡಬಾರದಂತ ಹೊಡದಿದ್ದೆ.”

“ಧೂಳಾಗ ಮುಚ್ಚಿತ್ತ್ರಿ.”

“ಧೂಳ ಒರಸೂದ ಕಲಿಸಿದ್ದೆನಲ್ಲೋ, ಮಾಲ್ಯಾ.”

ಮಾಲಿಂಗಪ್ಪ ಬಗ್ಗಿ ಅವನ ಕಾಲು ಮುಟ್ಟಿದ. ದಾರಿಯುದ್ದಕ್ಕೂ ಕೂಡಿಸಿಟ್ಟುಕೊಂಡಿದ್ದ ಮಾತುಗಳಲ್ಲಿ ಒಂದೇ ಹೊರಬಂತು. “ಮನ್ನಿಸ್ರಿ.”

“ಮನ್ನಿಸೇನಿ. ಪ್ರತೀ ವರ್ಷ ಮನ್ನಿಸೇನಿ,” ಎಂದ ನೇಮಣ್ಣ. “ಸುಲಭ ಇರಲಿಲ್ಲ ಮತ್ತ. ಎಲ್ಲಾರ ಹೆಸರ ಬರದ ಮ್ಯಾಲ ನಿನ್ನ ಕಾರ್ಡ್ ಒಂದ ಉಳೀತಿತ್ತು. ಒಂದೊಂದ ವರ್ಷ ಎರಡ ಮೂರ ದಿನಾ ಹಂಗ ಬಿದ್ದಿರತಿತ್ತು. ಕೈ ಏಳತಿರಲಿಲ್ಲ.”

ಜೇಬಿನಲ್ಲಿದ್ದ ಕಾರ್ಡು ಮಾಲಿಂಗಪ್ಪನ ಎದೆಗೆ ಒತ್ತಿದಂತಾಯಿತು. ಶುಭಾಂಗಿ ಚಾ ತಂದಳು. ಕುಡಿದು ಮುಗಿಸಿದ ಮೇಲೆ ಅವನೇ ಕೇಳಿದ. “ಕಾಕಾರ, ಗೋಕಾಕಕ್ಕ ಬರತೀರೇನು? ನಾ ಆ ಮಾತ ಅಂದಿದ್ದ ಇಲ್ಲಿ ಅಲ್ಲಲ್ಲ.”

ಮುದುಕ ಖಾಲಿ ಕಪ್ಪನ್ನು ಕಟ್ಟೆಯ ಮೇಲಿಟ್ಟ. ಹದಿನಾರು ವರ್ಷ ಅವನು ಆ ಊರನ್ನು ತುಳಿದಿರಲಿಲ್ಲ. ಕೊನೆಗೆ ಟೊಪ್ಪಿಗೆಗೆ ಕೈ ಚಾಚಿದ. “ಹೊತ್ತ ಮುಳಗೂದ್ರೊಳಗ ತಂದ ಬಿಡತಿಯೇನು? ಕತ್ತಲಾದ ಮ್ಯಾಲ ನಾ ಉಣ್ಣೂದಿಲ್ಲ.”

ಗ್ಯಾರೇಜಿನ ಸಾಲಿನಲ್ಲಿ, ಅಪ್ಪಣ್ಣನ ಚಾದ ಅಂಗಡಿಯ ಮುಂದೆ, ಅದೇ ಜಾಗದಲ್ಲಿ ಜೀಪು ನಿಂತಿತು. ಸೌಟು ಹಿಡಿದುಕೊಂಡೇ ಹೊರಬಂದ ಅಪ್ಪಣ್ಣ, “ಅಯ್ಯ, ಉಲ್ಟಾ ನೇ...” ಎಂದವನು ಉಳಿದದ್ದನ್ನು ನುಂಗಿದ. ಮಾಲಿಂಗಪ್ಪ ಬಾನೆಟ್ ಎತ್ತಿ ಎಲ್ಲರನ್ನೂ ಕರೆದ. ಧ್ವನಿ ಈ ಸಲ ಅಷ್ಟು ದೂರ ಹೋಗಲಿಲ್ಲ. ಆದರೂ ಜನ ಬಂದರು. ಪಟ್ಟಿಯನ್ನು ತೋರಿಸಿದ. ಉಳಿಯ ಗುರುತನ್ನು ತೋರಿಸಿದ.

“ಕಾಕಾರ ಕಟ್ಟಿದ್ದ ಬರೋಬರಿ ಇತ್ತು. ಉಲ್ಟಾ ಮಾಡಿದಾಂವ ನಾನು. ಡೈನಮೊ ಸುಟ್ಟಾಂವನೂ ನಾನು. ನೀವು ಅವರಿಗಿ ಇಟ್ಟ ಹೆಸರು ನಂದು.”

ಹಿಂದಿನಿಂದ ಒಬ್ಬ ಲಾರಿ ಡ್ರೈವರು ಕೂಗಿದ. “ಹಂಗಾರ ನನ್ನ ಗಾಡಿ ಹೆಂಗ ಕಟ್ಟೀಯೋ ಮಾರಾಯಾ?” ಜನ ನಕ್ಕರು. ಆ ನಗು ಹೇಗಿರುತ್ತದೆಂದು ಮಾಲಿಂಗಪ್ಪನಿಗೆ ಮೊದಲ ಸಲ ಒಳಗಿನಿಂದ ಗೊತ್ತಾಯಿತು. ಅವನು ತಲೆ ತಗ್ಗಿಸಲಿಲ್ಲ, ನಿಂತೇ ಕೇಳಿಸಿಕೊಂಡ. ನೇಮಣ್ಣ ಮಾತ್ರ ನಗಲಿಲ್ಲ. “ಅಪ್ಪಣ್ಣಾ,” ಎಂದ, “ಅವತ್ತ ಫಾಲ್ಸಿನ ನೀರ ಕೇಳಿದ್ದಿಯಲ್ಲ, ಈಗ ಒಂದ ವಾಟಿ ಕುಡಿಯೂ ನೀರ ಕೊಡು. ಸೋಸಿ ಕೊಡು.”

ತಿರುಗಿ ಹೋಗುವಾಗ ಬಿಸಿಲು ಇಳಿದು ಕಬ್ಬಿನ ಗದ್ದೆಗಳ ಮೇಲೆ ಹಳದಿಯಾಗಿತ್ತು. ನೇಮಣ್ಣ ಕೆನ್ನೆಯ ಮೇಲಿನ ಕಾವಿನಿಂದಲೇ ಹೊತ್ತನ್ನು ಅಳೆಯುತ್ತಿದ್ದ. “ಮುಳ್ಳ ಎತ್ತ ಐತೋ?” ಎಂದು ಎರಡು ಸಲ ಕೇಳಿದ. “ಚಾರ್ಜಿನ ಕಡೆ ಐತ್ರಿ,” ಎಂದು ಎರಡು ಸಲವೂ ಹೇಳಿದ ಮಾಲಿಂಗಪ್ಪ. ಹೊತ್ತು ಮುಳುಗಲು ಇನ್ನೂ ಅರ್ಧ ತಾಸು ಇರುವಾಗ ಅವನನ್ನು ಮನೆಯ ಮೆಟ್ಟಿಲ ಹತ್ತಿರ ಇಳಿಸಿದ.

ಒಂದಷ್ಟು ಗಿರಾಕಿಗಳು ಬೇರೆ ಅಂಗಡಿಗಳಿಗೆ ಹೋದರು; ಕೆಲವರು ಮರಳಿ ಬಂದರು, ಕೆಲವರು ಬರಲಿಲ್ಲ. ನೇಮಣ್ಣ ಎರಡು ಸಾವಿರದ ಮೂರರಲ್ಲಿ ತೀರಿಕೊಂಡ. ಅಲ್ಲಿಯವರೆಗೂ ಕಾರ್ಡು ಬರುತ್ತಲೇ ಇತ್ತು, ಕೊನೆಯ ಎರಡು ಶುಭಾಂಗಿಯ ಅಕ್ಷರದಲ್ಲಿ. ತಾನು ತಿರುಗಿ ಬರೆಯಬೇಕೆಂದು ಮಾಲಿಂಗಪ್ಪ ಪ್ರತಿಸಲ ಅಂದುಕೊಂಡು, ಬರೆಯಲಾಗದೆ, ಜೀಪು ತೆಗೆದುಕೊಂಡು ಹೋಗಿ ಕಂಡು ಬರುತ್ತಿದ್ದ.

ಹೆಸರು ಮಾತ್ರ ಸಾಲಿನಲ್ಲಿ ಉಳಿಯಿತು. ಒಮ್ಮೆ ಹಾರೂಗೇರಿ ಕಡೆಯ ಟ್ರ್ಯಾಕ್ಟರಿನವನೊಬ್ಬ ಅಂಗಡಿಯ ಮುಂದೆ ನಿಂತು, “ಯಪ್ಪಾ, ಉಲ್ಟಾ ಮಾಲಿಂಗಪ್ಪನ ಅಂಗಡಿ ಯಾವುದ್ರಿ?” ಎಂದು ಅವನನ್ನೇ ಕೇಳಿದ.

“ಇದ. ಬರ್ರಿ,” ಎಂದ ಮಾಲಿಂಗಪ್ಪ. ಸೀಮೆಎಣ್ಣೆಯ ಚಿಂದಿಯನ್ನು ತೆಗೆದುಕೊಂಡು, ಬಾನೆಟ್ ಎತ್ತಿ, ಮೊದಲು ಧೂಳು ಒರೆಸತೊಡಗಿದ.