ಹಾರ್ನ್ ಒತ್ತದ ಮರ್ವಿನ್

ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದ ಗೋಧಿ ಸೀಮೆಯ ಟಾರ್ವಿಲ್‌ನಲ್ಲಿ, ಚೆಂಡನ್ನು ಒದೆಯುವುದಲ್ಲದೆ ಕೈಯಲ್ಲೂ ಹಿಡಿಯುವ ಅಲ್ಲಿನ ಶನಿವಾರದ ಫುಟ್‌ಬಾಲ್ ಶುರುವಾಗುವ ಮೊದಲೇ ಮರ್ವಿನ್ ಟ್ರೆಲೋರ್ ತನ್ನ ಹಳೇ ಪಿಕಪ್ಪನ್ನು ಮೈದಾನದ ಬೇಲಿಗೆ ಮೂತಿ ತಾಗುವಂತೆ ನಿಲ್ಲಿಸಿ, ಮೂಗು ಮುರಿಯಲು ಅಣಿಯಾಗುತ್ತಾನೆ. ಆಡುವವರು ವಾರವಿಡೀ ಕುರಿಯ ಉಣ್ಣೆ ಕತ್ತರಿಸುವವರು, ಶಾಲೆಯ ಮೇಷ್ಟ್ರುಗಳು. ಅವನ ಕಣ್ಣಿಗೆ ಎಲ್ಲರೂ ದಂಡಪಿಂಡಗಳು. ಎದುರಾಳಿಯ ಹೆಗಲೇರಿ ಚೆಂಡು ಹಿಡಿದವನನ್ನು ಕಂಡರೂ, “ಹಾರಿದ್ನೋ ಎಡವಿದ್ನೋ? ಇದೂ ಒಂದು ಲೀಗಾ? ನದಿಯಾಚೆ ಲೀಗಿನ ಎರಡನೇ ತಂಡ ಬಂದ್ರೂ ಇವ್ರನ್ನ ಹುರಿದು ಮುಕ್ಕತ್ತೆ!” ಎನ್ನುತ್ತಾನೆ. ನದಿಯಾಚೆಯ ಆಟ ನೋಡಲು ಹೋದ ವಾರ ಅಲ್ಲಿಯವರಿಗೂ ಮಂಗಳಾರತಿ: “ಥೂ, ಟಾರ್ವಿಲ್‌ನವ್ರೇ ವಾಸಿ.” ಗೋಲು ಬಿದ್ದಾಗ ಮೈದಾನದ ಸುತ್ತ ನಿಂತ ಕಾರುಗಳೆಲ್ಲ ಹಾರ್ನ್ ಹೊಡೆಯುವುದು ಇಲ್ಲಿನ ಪದ್ಧತಿ. ಮರ್ವಿನ್ ಮಾತ್ರ ಕೈಕಟ್ಟಿ ಕೂರುತ್ತಾನೆ. “ಒತ್ತಯ್ಯಾ, ಹಾರ್ನಿಗೇನು ತುಕ್ಕು ಹಿಡ್ದಿದ್ಯಾ?” ಎಂದು ಹಿಟ್ಟಿನೊಳಗೆ ಮಾಂಸ ತುಂಬಿ ಬೇಯಿಸಿದ ಪೈ ಮಾರುವ ನೊರೀನ್ ರೇಗಿಸಿದರೆ, “ನಮ್ಮ ಕುರ್ನಾಂಗ್ ಕ್ಲಬ್ಬಲ್ಲಿ ಇಂಥ ಗೋಲು ಹೊಡೆದವ್ನನ್ನ ಬಚ್ಚಲು ತೊಳ್ಯೋಕೆ ಹಾಕ್ತಿದ್ರು” ಎಂದು, ಅವಳ ಪೈಯನ್ನೂ ಕುರ್ನಾಂಗ್‌ನ ಪೈಗೆ ಹೋಲಿಸಿ, ಕಳಪೆಯೆಂದು ತೀರ್ಪು ಕೊಟ್ಟು, ಎರಡು ತಿನ್ನುತ್ತಾನೆ. ಆ ಕುರ್ನಾಂಗ್ ಕ್ಲಬ್ ಆಟಗಾರರು ಸಾಲದೆ ಎಂದೋ ಮುಚ್ಚಿಹೋಯಿತು. ಮೇಲ್ಮಟ್ಟದ ಆಟ ಬೇಕೆಂದು ಅದನ್ನು ಎಲ್ಲರಿಗಿಂತ ಮೊದಲು ಬಿಟ್ಟು ಹೋದವನು ಇದೇ ಮರ್ವಿನ್. ಮೊನ್ನೆ ಪಂದ್ಯ ಮುಗಿಸಿ ಮನೆಗೆ ಹೋಗುತ್ತಿದ್ದ ನೊರೀನ್‌ಗೆ ಕುರ್ನಾಂಗ್‌ನ ಪಾಳು ಮೈದಾನದಲ್ಲಿ ಅವನ ಪಿಕಪ್ ಕಂಡಿತು. ಕುರಿಗಳು ಮೇಯುತ್ತಿದ್ದವು. ವಾಲಿ ನಿಂತ ಗೋಲುಕಂಬಗಳಿಗೆ ಮುಖಮಾಡಿ ಕೂತು, ಮರ್ವಿನ್ ಒಂದೇ ಸಮನೆ ಹಾರ್ನ್ ಒತ್ತುತ್ತಿದ್ದ.