ಹಾವಿನ ಮದ್ದಿಗೆ ಹಟ ಹಿಡಿದ ಸರ್ವಮಂಗಳಾ

ಮುಡುಕುತೊರೆಯ ಸರ್ವಮಂಗಳಾ ಆರೋಗ್ಯ ಸಂಶೋಧಕಿ. ಗದ್ದೆಯಲ್ಲಿ ಹಾವು ಕಚ್ಚಿದ ಅವಳ ಚಿಕ್ಕಮ್ಮ ಮೈಸೂರಿನ ಆಸ್ಪತ್ರೆಯ ಹಾದಿಯಲ್ಲೇ ಪ್ರಾಣ ಬಿಟ್ಟಿದ್ದರು. ವಿಷಕ್ಕೆ ಕೊಡುವ ಮದ್ದನ್ನು ಹಳ್ಳಿಯ ಸಣ್ಣ ಆರೋಗ್ಯ ಕೇಂದ್ರಗಳಲ್ಲೂ ಇಡಬಹುದೇ ಎಂದು ತಿಳಿಯಲು ಎರಡು ವರ್ಷ ಬೇಕೆಂದರು ಜಿಲ್ಲಾ ಆರೋಗ್ಯ ಸಮಿತಿಯ ಅಧ್ಯಕ್ಷರು. ಅವಳು ಕೃತಕ ಬುದ್ಧಿಮತ್ತೆಯಿಂದ ದೇಶವಿದೇಶದ ಅಧ್ಯಯನಗಳನ್ನು ಜಾಲಾಡಿಸಿ, ಸಿಕ್ಕಿದ್ದನ್ನೆಲ್ಲ ತಾನೇ ಓದಿ ಸೋಸಿ, ಇಡಬಹುದೆಂಬ ವರದಿಯನ್ನು ತಿಂಗಳೊಳಗೆ ತಂದಳು.

“ಯಂತ್ರದ ಮಾತು ನಂಬೋಕಾಗುತ್ತೇನಮ್ಮ?” ಎಂದರು ಅಧ್ಯಕ್ಷರು.

“ಹುಡುಕಿದ್ದು ಯಂತ್ರ ಸಾ, ಓದಿದ್ದು ನಾನು. ಒಂದು ತಪ್ಪು ತೋರ್ಸಿ, ವಾಪಸ್ ತಕೊಂಡೋಯ್ತೀನಿ. ಅಲ್ಲೀಗಂಟ ಇಲ್ಲಿಂದ ಏಳಾಕಿಲ್ಲ.”

ಅಧ್ಯಕ್ಷರು ಸಂಜೆಯವರೆಗೂ ಪುಟ ತಿರುವಿದರು, ತಪ್ಪು ಸಿಗಲಿಲ್ಲ. ಕೊನೆಗೆ ತಿ. ನರಸೀಪುರ ತಾಲ್ಲೂಕಿನ ಒಂದೇ ಒಂದು ಕೇಂದ್ರದಲ್ಲಿ ಮದ್ದಿಡಲು ಒಪ್ಪಿದರು.

“ಮಿಕ್ಕವಕ್ಕೂ ಬತ್ತೀನಿ ಸಾ,” ಎಂದು ಸರ್ವಮಂಗಳಾ ಎದ್ದಳು.