ಸೂಜಿ ಅಕ್ಕನ ಹತ್ತೊಂಬತ್ತು ಪಿನ್ನುಗಳು

ಬೆಳಗಿನ ಐದೂವರೆ. ಬೀದಿದೀಪಗಳು ಇನ್ನೂ ಆರಿಲ್ಲ. ಅರ್ಧ ಎತ್ತಿದ ಶಟರ್ ಒಳಗೆ ಐವತ್ನಾಲ್ಕರ ಹೆಂಗಸೊಬ್ಬರು ಕಿಟಕಿಯ ಕಬ್ಬಿಣದ ಸರಳನ್ನು ಮುಟ್ಟಿ, ಮೈಯಲ್ಲಿ ಸೇರಿರಬಹುದಾದ ಸ್ಥಿರವಿದ್ಯುತ್ತನ್ನು ಅಲ್ಲೇ ಬಿಟ್ಟು ಕುರ್ಚಿಗೆ ಬರುತ್ತಾರೆ. ಫ್ಯಾನ್ ಹಾಕುವುದಿಲ್ಲ. ಕಾಫಿಯನ್ನೂ ಕುಡಿದಿಲ್ಲ, ಕುಡಿದರೆ ಕೈ ನಡುಗುತ್ತದಂತೆ. ಕಣ್ಣಿಗೆ ಮಸೂರ ಸಿಕ್ಕಿಸಿ, ಹೊಲಿಗೆ ಸೂಜಿಯನ್ನು ಪೆನ್ನಿನಂತೆ ಹಿಡಿದು, ಕಂಪ್ಯೂಟರ್ ಮದರ್‌ಬೋರ್ಡೊಂದರ ಮೇಲೆ ಬಾಗುತ್ತಾರೆ. ಏಳಕ್ಕೆ ಲಾರಿಗಳ ಓಡಾಟ ಶುರುವಾದರೆ ಮೇಜು ಅದುರುತ್ತದೆ. ಅಷ್ಟರೊಳಗೆ ಕೆಲಸ ಮುಗಿಯಬೇಕು.

ರಿಪೇರಿ ಅಂಗಡಿಗಳ ಈ ಓಣಿಯಲ್ಲಿ ಅವರ ಹೆಸರು ಸೂಜಿ ಅಕ್ಕ. ಕಂಪ್ಯೂಟರಿನ ಮಿದುಳಾದ ಪ್ರೊಸೆಸರ್ ಕೂರುವ ಚೌಕದಲ್ಲಿ, ಬೆಂಕಿಪೊಟ್ಟಣಕ್ಕಿಂತ ಚಿಕ್ಕ ಜಾಗದಲ್ಲಿ, ಸಾವಿರಕ್ಕೂ ಹೆಚ್ಚು ಪಿನ್ನುಗಳಿರುತ್ತವೆ. ಬಾಗಿದ ಪಿನ್ನನ್ನು ನೆಟ್ಟಗೆ ಮಾಡುವುದು ಅಕ್ಕನ ಕೆಲಸ. ಮೂಲೆಯ ತ್ರಿಕೋನದ ಗುರುತು ಹೊಂದಿಸಿ ಮೆಲ್ಲಗೆ ಬಿಟ್ಟರೆ ಪ್ರೊಸೆಸರ್ ತನ್ನ ಭಾರಕ್ಕೇ ಕೂರುತ್ತದೆ. ಅವಸರಪಟ್ಟು ಹೆಬ್ಬೆರಳು ಊರಿದರೆ ಕತೆ ಮುಗಿಯಿತು. "ಸೋಮಾರಿ ಕೈ ಇದನ್ನ ಕೆಡಿಸಲ್ಲ ನೋಡಿ, ಚುರುಕು ಕೈನೇ ಕೆಡಿಸೋದು," ಎಂದು ಅಕ್ಕ ನಗುತ್ತಾರೆ.

ಇವತ್ತಿನ ಚುರುಕು ಕೈಯ ಯಜಮಾನರು ಬಾಗಿಲಲ್ಲೇ ನಿಂತಿದ್ದಾರೆ. ಟವೆಲ್ ನೇಯುವ ಸಣ್ಣ ಕಾರ್ಖಾನೆಯ ಮೆಕ್ಯಾನಿಕ್ ಅವರು, ವಯಸ್ಸು ಐವತ್ತರ ಹತ್ತಿರ. ಮಗ್ಗಗಳಿಗೆ ವಿನ್ಯಾಸ ಹೇಳಿಕೊಡುವ ಹಳೆಯ ಕಂಪ್ಯೂಟರಿನ ಧೂಳು ತೆಗೆಯಲು ಹೋಗಿ, ಪ್ರೊಸೆಸರನ್ನು ಕಳಚಿ, ಮತ್ತೆ ತಿರುಗಾಮುರುಗಾ ಇಟ್ಟು ಒತ್ತಿಬಿಟ್ಟಿದ್ದಾರೆ. ಹತ್ತೊಂಬತ್ತು ಪಿನ್ನು ಬಾಗಿವೆ. ಆ ಬಗೆಯ ಬೋರ್ಡು ಈಗ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. "ಎಂಟು ಗಂಟೆಗೆ ಮಗ್ಗ ತಿರುಗದಿದ್ರೆ ನೀನೂ ಬರಬೇಡ ಅಂದಿದಾರೆ ನಮ್ಮ ಮಾಲೀಕರು," ಎನ್ನುತ್ತ ಮೇಜಿನತ್ತ ಬಗ್ಗಿ ನೋಡುತ್ತಾರೆ.

"ಕೂತ್ಕೊಳ್ಳಿ ಅಣ್ಣ. ನೀವು ನಿಂತ್ರೆ ಬೆಳಕಿಗೆ ಅಡ್ಡ," ಅಕ್ಕ ತಲೆಯೆತ್ತದೆ ಹೇಳುತ್ತಾರೆ.

ಅಕ್ಕನ ಕೈಗೆ ಕೆಲಸ ಕಲಿಸಿದ್ದು ಗಡಿಯಾರ. ಮದುವೆಯಾಗಿ ಬಂದ ವರ್ಷವೇ ಮಾವ ಅವರನ್ನು ಗಡಿಯಾರ ರಿಪೇರಿಯ ಮೇಜಿಗೆ ಕೂರಿಸಿದರು. ಇಪ್ಪತ್ತೆರಡು ವರ್ಷ ಹಲ್ಲುಚಕ್ರಗಳ ಜೊತೆ ಬಾಳು ಸಾಗಿತು. ಜನ ಫೋನಿನಲ್ಲೇ ಹೊತ್ತು ನೋಡತೊಡಗಿದ ಮೇಲೆ ಮೇಜು ಬರಿದಾಯಿತು. ಗಂಡನೂ ತೀರಿಕೊಂಡಿದ್ದರು. ಮಗಳ ಓದು ಬಾಕಿ ಇತ್ತು. ಆಗ ಪಕ್ಕದ ಕಂಪ್ಯೂಟರ್ ಅಂಗಡಿಯವರು ಕಸಕ್ಕೆ ಹಾಕಬೇಕಿದ್ದ ಬೋರ್ಡೊಂದನ್ನು ತಂದು, "ನೋಡಿ ಅಕ್ಕ, ಹೋದ್ರೆ ಒಂದು ಕಲ್ಲು, ಬಂದ್ರೆ ಒಂದು ಹಣ್ಣು," ಎಂದರಂತೆ. "ಮೊದಲ್ನೇ ಪಿನ್ನೇ ಮುರಿದೆ. ಎರಡು ದಿನ ಅನ್ನ ಸೇರಲಿಲ್ಲ," ಎನ್ನುತ್ತಾರೆ ಅಕ್ಕ. ಈಗ ದಿನಕ್ಕೆ ಮೂರು ಬೋರ್ಡು, ಅದಕ್ಕಿಂತ ಹೆಚ್ಚು ಮುಟ್ಟುವುದಿಲ್ಲ. ಕತ್ತು ಹಿಡಿದುಕೊಂಡ ದಿನ ಒಂದೇ.

ಹದಿನೆಂಟು ಪಿನ್ನು ಎದ್ದು ನಿಂತಿವೆ. ಹತ್ತೊಂಬತ್ತನೆಯದು ಮಡಚಿಕೊಂಡು ಪಕ್ಕದ ಪಿನ್ನಿನ ಕೆಳಗೆ ಸೇರಿಕೊಂಡಿದೆ. "ಲೋಹಕ್ಕೂ ಸುಸ್ತಾಗುತ್ತೆ. ಇದು ಒಂದೇ ಸಲ ಮಾತು ಕೇಳೋದು." ಉಸಿರು ಹೊರಗೆ ಬಿಟ್ಟು, ಮತ್ತೆ ಒಳಗೆಳೆದುಕೊಳ್ಳುವ ಮುನ್ನಿನ ಆ ನಿಶ್ಚಲ ಗಳಿಗೆಯಲ್ಲಿ ಮಾತ್ರ ಸೂಜಿ ಕದಲುತ್ತದೆ. ಕದಲಿದ್ದು ಬರಿಗಣ್ಣಿಗೆ ಕಾಣುವುದೇ ಇಲ್ಲ. ಮತ್ತೊಂದು ಉಸಿರು, ಮತ್ತೊಂದು ಕದಲಿಕೆ. ಹೀಗೆ ನಲವತ್ತು ಉಸಿರು! ಮನುಷ್ಯನ ಕೈಗೆ ಇಷ್ಟು ಸಾಧ್ಯವೇ ಎಂದು ಮೈ ಜುಮ್ಮೆನ್ನುತ್ತದೆ. ಪಿನ್ನು ತನ್ನ ಸಾಲಿಗೆ ಮರಳುತ್ತದೆ.

ಈಗ ಅಕ್ಕ ಎದ್ದು ಕುರ್ಚಿ ಬಿಟ್ಟುಕೊಡುತ್ತಾರೆ. ಬಾಗಿಸಿದವರೇ ಕೂರಿಸಬೇಕು, ಇದು ಈ ಮೇಜಿನ ಕಟ್ಟಳೆ. ಮೆಕ್ಯಾನಿಕ್ ಹಿಂಜರಿಯುತ್ತಾರೆ. "ನನ್ನ ಕೈಲಿ ಬೇಡಕ್ಕ, ಮತ್ತೆ ಕೆಟ್ಟುಹೋಗುತ್ತೆ."

"ಒತ್ತಬೇಡಿ, ಬಿಡಿ ಅಷ್ಟೇ."

ತ್ರಿಕೋನಕ್ಕೆ ತ್ರಿಕೋನ ಸೇರುತ್ತದೆ. ಪ್ರೊಸೆಸರ್ ಸದ್ದಿಲ್ಲದೆ ಕೂರುತ್ತದೆ. ಅದನ್ನು ಅದುಮಿ ಹಿಡಿಯುವ ಪುಟ್ಟ ಸರಳನ್ನು ಕೆಳಗಿಳಿಸುವಾಗ ಕಿರ್ರೆನ್ನುತ್ತದೆ. ಮೆಕ್ಯಾನಿಕ್ ಬೆಚ್ಚಿ ಕೈ ನಿಲ್ಲಿಸುತ್ತಾರೆ.

"ನಿಲ್ಲಿಸ್ಬೇಡಿ. ಅದು ಹಾಗೇ ಗೊಣಗೋದು, ನಮ್ಮ ಅತ್ತೆ ಥರ."

ಅಕ್ಕ ಶಾಖ ಸೆಳೆಯುವ ಪೇಸ್ಟ್ ಹಚ್ಚಿ, ತಂಪು ಮಾಡುವ ಫ್ಯಾನ್ ಬಿಗಿದು, ಕರೆಂಟು ಕೊಡುತ್ತಾರೆ. ಪರದೆ ಕಪ್ಪಗಿದೆ. ಒಂದು, ಎರಡು, ಮೂರು ಕ್ಷಣ. ಆಮೇಲೆ ಬಿಳಿ ಅಕ್ಷರಗಳು ಸಾಲಾಗಿ ಮೂಡುತ್ತವೆ. ಐವತ್ತರ ಆಸುಪಾಸಿನ ಗಂಡಸು ಮುಖ ಮುಚ್ಚಿಕೊಂಡು ಅಳುತ್ತಾರೆ. ಗಡಿಯಾರ ಆರು ಐವತ್ತು ತೋರಿಸುತ್ತಿದೆ.

ಬೋರ್ಡನ್ನು ಪೆಟ್ಟಿಗೆಗೆ ಸೇರಿಸುತ್ತ ಅವರು ಅಳುಕಿನಿಂದಲೇ ಕೇಳುತ್ತಾರೆ: "ಯಾರು ಸರಿ ಮಾಡಿದ್ದು ಅಂತ ಮಾಲೀಕರು ಕೇಳಿದ್ರೆ ಏನು ಹೇಳ್ಲಿ ಅಕ್ಕ?"

ಅಕ್ಕ ಮಸೂರ ಒರೆಸುತ್ತಾರೆ.

"‘ನಾನೇ ಕೂರಿಸಿದೆ’ ಅನ್ನಿ, ಸುಳ್ಳೇನಲ್ಲ. ಅದಕ್ಕೇ ಅಲ್ವಾ ನಿಮ್ಮ ಕೈಲಿ ಕೂರಿಸಿದ್ದು?"